ಶಬ್ದ ಪ್ಯಾಡಿನಲ್ಲಿ ಇರಲಿಲ್ಲ

ಇದನ್ನು ಹೇಳಬೇಕು ಎಂದುಕೊಂಡು ಮುಂದಕ್ಕೆ ಹಾಕುತ್ತಲೇ ಬಂದಿದ್ದೇನೆ. ದೀಪಾವಳಿ ಕಳೆಯಲಿ ಎಂದೆ. ಉತ್ತರಾಯಣದ ಗಾಳಿಪಟಗಳು ಇಳಿಯಲಿ ಎಂದೆ. ಆಮೇಲೆ ಬಿಸಿಲು ಜಾಸ್ತಿಯಾಯಿತು, ಮೈ ಸರಿಯಿಲ್ಲ ಎಂದೆ. ಓದುವವರು ಇದನ್ನು ಮುದುಕನ ಸೋಮಾರಿತನ ಎಂದುಕೊಳ್ಳಬಾರದು. ನಾನು ಹೇಳಹೊರಟಿರುವ ಸಂಗತಿಯಲ್ಲಿ ಸರಿಪಡಿಸಬಹುದಾಗಿದ್ದದ್ದು ಸರಿಯಾಗದೆ ಹೋದದ್ದು ನಾನು ತಡಮಾಡಿದ್ದರಿಂದಲೇ.

ನಾನು ಗದಗಿನ ಕಡೆಯವನು. ಮೆಟ್ರಿಕ್ ಮುಗಿಸಿ ವಡೋದರಾಕ್ಕೆ ಬಂದು, ಮಕರಪುರದ ಒಂದು ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇಥ್ ಯಂತ್ರದ ಮೇಲೆ ಕೆಲಸ ಮಾಡಿ, ಅಲ್ಲೇ ನಿವೃತ್ತನಾದೆ. ಮನೆ ಮಂಜಲ್‌ಪುರದಲ್ಲಿ. ಶನಿವಾರ ಊರಿನ ಕನ್ನಡದವರು ಯಾರದಾದರೂ ಮನೆಯಲ್ಲಿ ಭಜನೆಗೆ ಸೇರುತ್ತಿದ್ದರು. ಹಾಡುವವರು ಬ್ಯಾಂಕಿನವರು, ರೈಲ್ವೆಯವರು. ವರ್ಗವಾಗಿ ಬರುತ್ತಿದ್ದರು, ವರ್ಗವಾಗಿ ಹೋಗುತ್ತಿದ್ದರು. ತಬಲಾ ಮಾತ್ರ ನನ್ನದೇ. ನಿವೃತ್ತಿಯ ನಂತರ ಬೆರಳ ಗಂಟುಗಳು ಊದಿಕೊಂಡವು. ತಬಲಾ, ಡಗ್ಗಾ ಎರಡನ್ನೂ ಹಳೆಯ ಲುಂಗಿಯಲ್ಲಿ ಸುತ್ತಿ ಕಪಾಟಿನ ಮೇಲೆ ಇಟ್ಟೆ.

ಸೊಸೆ ಸೂರತ್ತಿನ ಉಧ್ನಾದವಳು, ಗುಜರಾತಿ ಹುಡುಗಿ. ಮಗ ಕೆಲಸದ ಜಾಗದಲ್ಲಿ ನೋಡಿ ಮೆಚ್ಚಿ ಮದುವೆಯಾದ. ಅವಳ ತಂದೆ ಮಗ್ಗದ ಶೆಡ್ಡಿನಲ್ಲಿ ದುಡಿದವರು. ನವರಾತ್ರಿ ಬಂದರೆ ತಮ್ಮ ಓಣಿಯ ಗರ್ಬಾಕ್ಕೆ ಢೋಲು ಬಾರಿಸುತ್ತಿದ್ದರು. ಅವರ ಪಕ್ಕದಲ್ಲಿ ಕೂತೇ ಇವಳಿಗೆ ತಾಳ ಕೈಗೆ ಬಂತು. ಮದುವೆಯ ನಂತರ ಇವಳು ಒಂದು ಗರ್ಬಾ ತಂಡ ಸೇರಿದಳು. ಆದರೆ ಬಾರಿಸುವುದು ಢೋಲಲ್ಲ, ಬೀಟ್ ಪ್ಯಾಡ್.

ಒಂದು ಭಾನುವಾರ ಬೆಳಿಗ್ಗೆ ಅವಳು ಅದನ್ನು ಊಟದ ಮೇಜಿನ ಮೇಲೆ ತಂದಿಟ್ಟಳು. ತಟ್ಟೆಯಷ್ಟು ಅಗಲದ ಕಪ್ಪು ಪೆಟ್ಟಿಗೆ, ಮೇಲೆ ನಾಲ್ಕು ಸಾಲಾಗಿ ರಬ್ಬರಿನ ಚೌಕಗಳು. ಒಂದು ವೈರನ್ನು ಲ್ಯಾಪ್‌ಟಾಪಿಗೆ ಚುಚ್ಚಿದಳು. ಚೌಕಗಳೆಲ್ಲ ಒಮ್ಮೆಗೇ ಬೆಳಗಿದವು.

"ಪಪ್ಪಾ, ನೋಡಿ. ಇಲ್ಲಿ ಸೆಟ್ಟಿಂಗ್. ಇದರಲ್ಲಿ ನಮ್ಮ ಪ್ಯಾಡ್ ಹೆಸರು ಬಂತಾ? ಅದಕ್ಕೆ ಟಿಕ್ ಮಾಡಿ. ಈಗ ಹೊಡೀರಿ."

ಹೊಡೆದೆ. ಪರದೆಯ ಮೇಲೆ ಒಂದು ಹಸಿರು ಗೆರೆ ಎದ್ದು ಬಿತ್ತು. ಸದ್ದೇ ಇಲ್ಲ.

"ಆವಾಜೇ ಇಲ್ಲಲ್ಲ ಬೇಟಾ."

"ಅದೇ ಹೇಳ್ತೀನಿ. ಪ್ಯಾಡ್ ಮೂಕ, ಪಪ್ಪಾ. ಹೊಡೆದ್ರೆ ಒಂದು ನಂಬರ್ ಕಳಿಸತ್ತೆ, ಬಸ್. ಆವಾಜ್ ಎಲ್ಲಾ ಲ್ಯಾಪ್‌ಟಾಪಲ್ಲಿ ಇದೆ. ಯಾವ ನಂಬರಿಗೆ ಯಾವ ಆವಾಜ್ ಅಂತ ನಾವು ಕೂಡಿಸಬೇಕು. ಸಮಝ್ ಆಯ್ತಾ?"

"ಹೂಂ," ಎಂದೆ.

ಅಡುಗೆ ಮನೆಯಿಂದ ನನ್ನ ಹೆಂಡತಿ ಕೂಗಿದಳು: "ಅವರ ಹೂಂ ನಂಬಬ್ಯಾಡವಾ. ನನಗೂ ಮದುವಿ ಆದಾಗಿಂದ ಹೂಂ ಅನ್ಕೋತ ಬಂದಾರ. ಒಂದು ಮಾತರ ತಲಿಗೆ ಹೋಗೇದೇನು ಕೇಳು."

ಸೊಸೆ ನಕ್ಕಳು. ನಾನೂ ನಕ್ಕೆ. ಹೆಂಡತಿ ಹೇಳಿದ್ದು ನಿಜವಾಗಿತ್ತು. ಕಾರ್ಖಾನೆಯಲ್ಲಿ ಹೊಸ ಎಂಜಿನಿಯರ್ ಹುಡುಗರು ಡ್ರಾಯಿಂಗ್ ಹಿಡಿದು ವಿವರಿಸುವಾಗ ಹೂಂ ಎಂದು ತಲೆಯಾಡಿಸುವುದು, ಅವರು ಹೋದ ಮೇಲೆ ಕೈಗೆ ಗೊತ್ತಿದ್ದ ಹಾಗೆ ಕೆಲಸ ಮಾಡುವುದು ನಮ್ಮ ಪೈಕಿ ಎಲ್ಲರ ರೂಢಿ. ಕೆಲಸ ಕೆಡುತ್ತಿರಲಿಲ್ಲ. ಹಾಗಾಗಿ ತಿಳಿಯಲಿಲ್ಲ ಎಂದು ಬಾಯಿಬಿಟ್ಟು ಹೇಳುವ ಪ್ರಸಂಗವೇ ನನಗೆ ಬರಲಿಲ್ಲ. ಅವತ್ತು ಅವಳು ಹೇಳಿದ್ದು ಕಿವಿಗೆ ಬಿದ್ದಿತು. ಆದರೆ ನಾನು ಚರ್ಮದ ಮೇಲೆ ಬೆರಳಿಟ್ಟು ಬದುಕಿದವನು. ಹೊಡೆದ ಕಡೆಯಿಂದಲೇ ಸದ್ದು ಬರುತ್ತದೆ ಎನ್ನುವುದು ನನ್ನ ಕೈಗೆ ಗೊತ್ತಿತ್ತು.

ಆಮೇಲೆ ಅವಳು ಲ್ಯಾಪ್‌ಟಾಪಿನ ಒಂದು ಫೋಲ್ಡರ್ ತೆರೆದು, ಅದರೊಳಗಿನ ಶಬ್ದಗಳನ್ನು ಒಂದೊಂದಾಗಿ ಎಳೆದು ಪರದೆಯ ಮೇಲಿನ ಚೌಕಗಳಿಗೆ ಹಾಕಿದಳು. ಮತ್ತೆ ಹೊಡೀರಿ ಎಂದಳು. ಹೊಡೆದೆ. ಢೋಲು ಗುಡುಗಿತು.

ಅದು ಅವಳ ತಂದೆಯ ಢೋಲು. ಅವರು ತೀರಿಕೊಳ್ಳುವುದಕ್ಕೆ ಮುಂಚಿನ ಬೇಸಿಗೆಯಲ್ಲಿ ಅವಳ ತಮ್ಮ ಅದರ ಸದ್ದನ್ನು ತನ್ನ ಮೊಬೈಲಿನಲ್ಲಿ ಹಿಡಿದಿದ್ದ. ಒಂದು ಹೊಡೆತ, ನಿಲ್ಲಿಸಿ, ಇನ್ನೊಂದು ಹೊಡೆತ, ನಿಲ್ಲಿಸಿ. ಆ ಮನುಷ್ಯನಿಗೆ ಇದು ಬಾರಿಸುವುದೋ ಬಾಗಿಲು ತಟ್ಟುವುದೋ ಎಂದು ಸಿಟ್ಟು ಬಂದಿತ್ತಂತೆ. ಕೊನೆಯ ಹೊಡೆತದ ಬಾಲದಲ್ಲಿ ಅವರು ನಕ್ಕದ್ದೂ ಸೇರಿಕೊಂಡಿತ್ತು. ಸೊಸೆ ಅದನ್ನು ಕತ್ತರಿಸದೆ ಹಾಗೇ ಬಿಟ್ಟಿದ್ದಳು. ಓಣಿಯ ಹೆಂಗಸರ ಚಪ್ಪಾಳೆ ಇತ್ತು, ಮಂಜೀರದ ತಾಳ ಇತ್ತು, ಮಗ್ಗದ ಖಟ್ ಖಟ್ ಇತ್ತು. ತಮ್ಮನ ಆ ಮೊಬೈಲು ಆಮೇಲೆ ನೀರಿಗೆ ಬಿದ್ದು ಕೆಟ್ಟಿತು. ಲ್ಯಾಪ್‌ಟಾಪಿನಲ್ಲಿದ್ದದ್ದೇ ಉಳಿದದ್ದು. ಬೇರೆ ಕಡೆಯೂ ಒಂದು ಕಾಪಿ ಮಾಡಿಡು ಎಂದು ಅವನು ಫೋನ್ ಮಾಡಿದಾಗಲೆಲ್ಲ ಹೇಳುತ್ತಿದ್ದ. ಇವಳು ನಾಳೆ ಎನ್ನುತ್ತಿದ್ದಳು.

ಕೆಳಗಿನ ಸಾಲನ್ನು ಅವಳು ನನಗೆ ಬಿಟ್ಟುಕೊಟ್ಟಳು. ಬೆರಳು ಸ್ವಲ್ಪ ಮಾತು ಕೇಳಿದ ಒಂದು ದಿನ ಕಪಾಟಿನಿಂದ ತಬಲಾ ಇಳಿಸಿ, ನನ್ನಿಂದ ನಾಲ್ಕಾರು ಪೆಟ್ಟು ಹೊಡೆಸಿ, ಅವನ್ನೂ ಅದೇ ಫೋಲ್ಡರಿಗೆ ಹಾಕಿದಳು. "ಪಪ್ಪಾ, ಈಗ ಜೋರು ಬೇಡ. ಬೆರಳು ಇಟ್ಟರೆ ಸಾಕು," ಎಂದಳು. ಇಟ್ಟೆ. ನನ್ನ ಕೈಯಲ್ಲಿ ಎಂದೋ ನಿಂತುಹೋಗಿದ್ದ ನಾದ ಬಂತು. ಅವಳ ತಂದೆ ಮೇಲಿನ ಸಾಲುಗಳಲ್ಲಿ, ನಾನು ಕೆಳಗಿನ ಸಾಲಿನಲ್ಲಿ. ಇಷ್ಟು ಮಾಡಿದವಳಿಗೆ ನಾನು ಮಾಡಿದ್ದನ್ನು ಇನ್ನು ಹೇಳುತ್ತೇನೆ.

ಹೋದ ನವರಾತ್ರಿಗೆ ಅವಳ ತಂಡಕ್ಕೆ ಅಹಮದಾಬಾದಿನ ನವರಂಗಪುರದಲ್ಲಿ ಬಾರಿಸುವ ಅವಕಾಶ ಸಿಕ್ಕಿತು. ಅವಳ ಪಾಲಿಗೆ ಅದು ತಂದೆಯ ಢೋಲನ್ನು ಓಣಿಯಿಂದ ದೊಡ್ಡ ಮೈದಾನಕ್ಕೆ ಕರೆದುಕೊಂಡು ಹೋಗುವ ಕೆಲಸ. ತಮ್ಮ ಸೂರತ್ತಿನಿಂದ ಬಂದ. ಮಗ್ಗದ ಶೆಡ್ಡಿನಲ್ಲಿ ಪಾಳಿ ದುಡಿಯುವವನು, ರಜೆ ಹಾಕಿ ಬಂದಿದ್ದ. ಒಂದು ಇಡೀ ದಿನ ಲ್ಯಾಪ್‌ಟಾಪ್ ಮುಂದೆ ಕೂತು ಹಳೆಯ ಆಟಗಳನ್ನು, ಬೇಡದ ಸಾಫ್ಟ್‌ವೇರುಗಳನ್ನು ತೆಗೆದುಹಾಕಿ, ಪ್ಯಾಡು ತಡವರಿಸದೆ ಕೆಲಸ ಮಾಡುವ ಹಾಗೆ ಮಾಡಿದ. ಅಕ್ಕ ತಮ್ಮ ಪ್ಯಾಡಿನ ಮೇಲೆ ಒಂದೊಂದು ಕೈ ಇಟ್ಟು ಬಾರಿಸಿ ನೋಡಿದರು. ಮರುದಿನ ಬೆಳಿಗ್ಗೆ ಅವನು ಉಧ್ನಾಕ್ಕೆ ವಾಪಸು ಹೋದ.

ಅವತ್ತು ಮಧ್ಯಾಹ್ನ ಮನೆಯಲ್ಲಿ ನಾನೊಬ್ಬನೇ. ಗಣೇಶನ ಹಬ್ಬದಲ್ಲಿ ನಮ್ಮ ಭಜನೆಯ ವಿಡಿಯೋ ಮಾಡಿದ್ದರು. ಅದನ್ನು ಲ್ಯಾಪ್‌ಟಾಪಿಗೆ ಹಾಕಿ ನೋಡೋಣ ಎಂದುಕೊಂಡೆ. ಪ್ಯಾಡು ಮೇಜಿನ ಮೇಲೆ ಲ್ಯಾಪ್‌ಟಾಪಿಗೆ ಕೂಡಿಸಿದ ಹಾಗೇ ಇತ್ತು. ಅವಳ ಸಾಫ್ಟ್‌ವೇರೂ ತೆರೆದೇ ಇತ್ತು. ವಿಡಿಯೋ ಹಾಕಲು ಹೋದರೆ, ತಮ್ಮ ಅಷ್ಟೆಲ್ಲ ತೆಗೆದಿದ್ದರೂ ಜಾಗ ಸಾಲದು ಎಂದಿತು. ತೆಗೆಯುವುದಕ್ಕೆ ಏನಿದೆ ಎಂದು ಹುಡುಕಿದೆ. ಅವಳ ಫೋಲ್ಡರ್ ಸಿಕ್ಕಿತು. ಒಳಗೆ ಹೆಸರುಗಳೇ ಇಲ್ಲ, ಬರೀ ಅಂಕಿ. ಇವನ್ನೆಲ್ಲ ಅವತ್ತು ಒಂದೊಂದಾಗಿ ಎಳೆದು ಪ್ಯಾಡಿಗೆ ಹಾಕಿಯಾಗಿದೆಯಲ್ಲ, ಇನ್ನು ಇವು ಇಲ್ಲೇಕೆ ಎಂದುಕೊಂಡೆ. ಕೆಲಸ ಮುಗಿದ ಮೇಲೆ ಲೇಥ್ ಕೆಳಗೆ ಉಳಿಯುವ ಕಬ್ಬಿಣದ ಸುರುಳಿ ಚೂರುಗಳ ಹಾಗೆ ಕಂಡವು. ಪಕ್ಕದಲ್ಲಿದ್ದ ಒಂದೆರಡು ಹಳೆಯ ಸಿನಿಮಾಗಳ ಜೊತೆ ಅವನ್ನೂ ಆರಿಸಿಕೊಂಡೆ. ಅಳಿಸಿದೆ.

ಅಳಿಸಿದ ಮೇಲೆ ಒಂದು ಅನುಮಾನ ಬಂತು. ಪ್ಯಾಡಿನ ಮೇಲೆ ಬೆರಳಿಟ್ಟೆ. ಢೋಲು ಕೇಳಿಸಿತು. ಅವರ ಕೊನೆಯ ಹೊಡೆತದ ಚೌಕ ಒತ್ತಿದೆ. ಬೀಗರು ನಕ್ಕರು. ಸಮಾಧಾನವಾಯಿತು, ನೋಡು, ಶಬ್ದ ಪ್ಯಾಡಿನಲ್ಲೇ ಇದೆ ಎಂದುಕೊಂಡೆ. ತೆರೆದಿದ್ದ ಸಾಫ್ಟ್‌ವೇರು ಆ ಶಬ್ದಗಳನ್ನು ಆ ಹೊತ್ತಿಗಷ್ಟೇ ನೆನಪಿನಲ್ಲಿ ಇಟ್ಟುಕೊಂಡಿತ್ತು, ಮುಚ್ಚಿದೊಡನೆ ಮರೆಯುತ್ತದೆ ಎನ್ನುವುದು ನನಗೆ ಆಮೇಲೆ ತಿಳಿದ ವಿಷಯ. ಪಾಳಿ ಬಿಡುವ ಮುಂಚೆ ಯಂತ್ರದ ಕೆಳಗಿನ ತಟ್ಟೆಯನ್ನು ಖಾಲಿ ಮಾಡಿಯೇ ಹೋಗಬೇಕು ಎನ್ನುವುದು ನಮ್ಮ ಕಾರ್ಖಾನೆಯ ನಿಯಮ. ಆ ಅಭ್ಯಾಸದಲ್ಲಿ ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಭಜನೆಯ ವಿಡಿಯೋ ಹಾಕಿದೆ. ಎಲ್ಲ ಮುಚ್ಚಿ, ಮೇಲೆ ಒಂದು ಟವೆಲ್ ಹೊದಿಸಿದೆ. ಸಂಜೆ ಸೊಸೆ ಬಂದವಳು ಎರಡನ್ನೂ ಹಾಗೇ ಚೀಲಕ್ಕೆ ಹಾಕಿದಳು.

ಮರುದಿನ ನಾನೂ ಅವಳ ಜೊತೆ ಅಹಮದಾಬಾದಿಗೆ ಹೋದೆ. ಮಗನಿಗೆ ರಜೆ ಸಿಗಲಿಲ್ಲ, ಚೀಲ ಹಿಡಿಯಲು ಒಬ್ಬರು ಬೇಕು ಎಂದು. ನವರಂಗಪುರದ ಆಟೋಗಳ ನಡುವೆ ದಾರಿ ಮಾಡಿಕೊಂಡು ಮೈದಾನ ಸೇರುವಾಗ ಮಧ್ಯಾಹ್ನ. ವೇದಿಕೆಯ ಮೇಲೆ ಅವಳು ವೈರು ಚುಚ್ಚಿದಳು. ಚೌಕಗಳು ಬೆಳಗಿದವು. ಹೊಡೆದಳು. ಹಸಿರು ಗೆರೆ ಎದ್ದು ಬಿತ್ತು. ಸದ್ದಿಲ್ಲ.

ವೈರು ಬದಲಾಯಿಸಿದಳು. ಬೇರೆ ಕಿಂಡಿಗೆ ಚುಚ್ಚಿದಳು. ಎಲ್ಲವನ್ನೂ ಬಂದ್ ಮಾಡಿ ಮತ್ತೆ ಶುರು ಮಾಡಿದಳು. ಸೆಟ್ಟಿಂಗಿನಲ್ಲಿ ಪ್ಯಾಡಿನ ಹೆಸರಿತ್ತು, ಟಿಕ್ ಇತ್ತು. ಪರದೆಯ ಮೇಲೆ ಪ್ರತಿ ಚೌಕದ ಮೇಲೂ ಶಬ್ದ ಸಿಗುತ್ತಿಲ್ಲ ಎನ್ನುವ ಒಂದು ಹಳದಿ ಗುರುತು ಕೂತಿತ್ತು. ಅವಳು ಅದನ್ನು ಓದಿದಳು, ಫೋಲ್ಡರ್ ಹುಡುಕಿದಳು, ಕಸದ ಬುಟ್ಟಿ ತೆರೆದಳು. ಅಲ್ಲಿಯೂ ಖಾಲಿ.

ಅವಳ ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದ ನನಗೆ, ಆ ಭಾನುವಾರ ಅವಳು ಹೇಳಿದ ಮಾತು ಆಗ ಅರ್ಥವಾಯಿತು. ಪ್ಯಾಡ್ ಮೂಕ, ಪಪ್ಪಾ.

"ಪಪ್ಪಾ, ನಿನ್ನೆ ಯಾರಾದ್ರೂ ಲ್ಯಾಪ್‌ಟಾಪ್ ಮುಟ್ಟಿದ್ರಾ?"

ನನ್ನ ಬಾಯಿಂದ ಬಂದ ಮಾತು ಇದು: "ನಿನ್ನ ತಮ್ಮ ಮೊನ್ನೆ ಏನೇನೋ ಅಳಿಸ್ತಿದ್ದ. ನಾ ನೋಡಿದೆ."

ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಜೀವನದಲ್ಲಿ ಹೇಳಿಲ್ಲ.

ಅವಳು ತಮ್ಮನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು. ಮಾತು ಗುಜರಾತಿಯಲ್ಲಿ ನಡೆಯಿತು, ನನಗೆ ಪೂರ್ತಿ ತಿಳಿಯುತ್ತದೆ. ಅಕ್ಕನನ್ನು ಅವನು ಬೇನ್ ಎನ್ನುತ್ತಾನೆ.

"ನೀನು ಏನು ಅಳಿಸಿದೆ?"

"ಆಟಗಳನ್ನ, ಬೇನ್. ಹಳೇ ಸಾಫ್ಟ್‌ವೇರ್. ಯಾಕೆ?"

"ಅಪ್ಪನ ಫೋಲ್ಡರ್ ಇಲ್ಲ."

ಆ ಕಡೆಯ ಮಗ್ಗದ ಸದ್ದು ಸಣ್ಣದಾಯಿತು, ಅವನು ಶೆಡ್ಡಿನ ಹೊರಗೆ ಬಂದಿರಬೇಕು. ಆಮೇಲೆ ಅವನು, "ಅದನ್ನ ನಾನು ಮುಟ್ಟಿಲ್ಲ. ಸಂಜೆ ಇಬ್ಬರೂ ಬಾರಿಸಿ ನೋಡಿದೆವಲ್ಲ?" ಎಂದ.

"ಪಪ್ಪಾ ನೋಡಿದ್ದಾರೆ. ನೀನು ಅಳಿಸ್ತಾ ಇದ್ದದ್ದನ್ನ ಕಣ್ಣಾರೆ ನೋಡಿದ್ದಾರೆ. ಅವರು ಸುಳ್ಳು ಹೇಳ್ತಾರಾ?"

"ಇರಲಿ, ಬೇನ್. ಜಗಳ ಆಮೇಲೆ ಆಡು. ಈಗ ಮೊದಲು ಆ ಲ್ಯಾಪ್‌ಟಾಪ್ ಬಂದ್ ಮಾಡು. ಅದಕ್ಕೆ ಹೊಸದೇನೂ ಹಾಕಬೇಡ. ಅಳಿಸಿದ್ದು ಒಳಗೇ ಇರುತ್ತೆ, ಅದರ ಮೇಲೆ ಬೇರೆ ಏನಾದರೂ ಕೂತರೆ ಮಾತ್ರ ಹೋಗುತ್ತೆ. ಕೇಳಿಸ್ತಾ? ಬೇರೆ ಯಾರದ್ದಾದರೂ ಲ್ಯಾಪ್‌ಟಾಪ್ ತಗೋ."

"ನಿನ್ನ ಬುದ್ಧಿ ಸಾಕು," ಎಂದು ಅವಳು ಫೋನ್ ಇಟ್ಟಳು. ಅವನು ಮತ್ತೆ ಮತ್ತೆ ಮಾಡಿದ. ಅವಳು ಫೋನನ್ನು ಮಗುಚಿ ಹಾಕಿದಳು.

ಆಮೇಲೆ ನಡೆದದ್ದನ್ನು ನಾನು ದಿನವೂ ನೋಡುತ್ತೇನೆ. ಅವಳು ತಂಡದವನೊಬ್ಬನ ಮೊಬೈಲಿನಿಂದ ಇಂಟರ್ನೆಟ್ ತೆಗೆದುಕೊಂಡು, ಸಿದ್ಧ ಢೋಲಿನ ಶಬ್ದಗಳನ್ನು ಅದೇ ಲ್ಯಾಪ್‌ಟಾಪಿಗೆ ಇಳಿಸತೊಡಗಿದಳು. ಪರದೆಯ ಮೇಲೆ ಒಂದು ನೀಲಿ ಪಟ್ಟಿ ಎಡದಿಂದ ಬಲಕ್ಕೆ ತುಂಬುತ್ತಿತ್ತು. ಅದು ತುಂಬಿದಷ್ಟೂ ಅವಳ ತಂದೆ ಒಳಗೆ ಮುಚ್ಚಿಹೋಗುತ್ತಾರೆ ಎಂದು ಆ ಜಾಗದಲ್ಲಿ ನಂಬಿದವನು ನಾನೊಬ್ಬನೇ. ತಮ್ಮನ ಮಾತು ನನ್ನ ಎರಡು ಕಿವಿಯಲ್ಲೂ ಇತ್ತು. ನಿಲ್ಲಿಸು ಬೇಟಾ ಎಂದರೆ ಸಾಕಿತ್ತು. ಯಾಕೆ ಎಂದು ಅವಳು ಕೇಳುತ್ತಾಳೆ, ಆಮೇಲೆ ನಾನು ಹೇಳಬೇಕಾಗುತ್ತದೆ ಎಂದು ಸುಮ್ಮನಿದ್ದೆ. ಈ ಪಟ್ಟಿ ಮುಗಿದ ಮೇಲೆ ಹೇಳುತ್ತೇನೆ ಎಂದುಕೊಂಡೆ. ಅದು ಮುಗಿದು ಇನ್ನೊಂದು ಶುರುವಾಯಿತು. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅವಳು ತಲೆಯೆತ್ತಿ, "ಪಪ್ಪಾ, ನೆರಳಲ್ಲಿ ಕೂತ್ಕೊಳ್ಳಿ, ಬಿಸಿಲಲ್ಲಿ ಯಾಕೆ?" ಎಂದಳು.

ಹೋಗಿ ನೆರಳಲ್ಲಿ ಕೂತೆ.

ಅವಳು ಬಾರಿಸಿದಳು. ಜನ ಕುಣಿದರು, ಯಾರಿಗೂ ಏನೂ ಕೊರತೆ ಕಾಣಲಿಲ್ಲ. ಇಳಿದು ಬಂದವಳು ನನ್ನ ಕೈಯಿಂದ ನೀರು ತೆಗೆದುಕೊಂಡು ಹೇಳಿದಳು: "ಇವತ್ತು ನನ್ನ ಅಪ್ಪ ಬರಲಿಲ್ಲ."

ನವರಾತ್ರಿ ಮುಗಿಯುವವರೆಗೂ ಅದೇ ಲ್ಯಾಪ್‌ಟಾಪಿನಲ್ಲಿ ಕೆಲಸ ನಡೆಯಿತು. ಆಮೇಲೆ ಮಗ ಅದನ್ನು ವಡೋದರಾದ ಒಂದು ಅಂಗಡಿಗೆ ಒಯ್ದ. ನಾನೂ ಜೊತೆಗಿದ್ದೆ. ಅಂಗಡಿಯವನು ಅಳಿಸಿದ್ದು ಯಾವಾಗ, ಆಮೇಲೆ ಬಳಸಿದಿರಾ ಎಂದು ಕೇಳಿದ. ಬಳಸಿದೆವು ಎಂದು ಮಗ ಹೇಳಿದ. "ಆವತ್ತೇ ಬಂದ್ ಮಾಡಿ ತಂದಿದ್ದರೆ ಸಿಗ್ತಾ ಇತ್ತು, ಭಾಯಿ," ಎಂದು ಅವನು ಬೇರೆ ಗಿರಾಕಿಯ ಕಡೆ ತಿರುಗಿದ. ಕೊನೆಗೆ ಸಿಕ್ಕದ್ದು ಅರ್ಧ ಚಪ್ಪಾಳೆ, ಮತ್ತು ಗರಗರ ಎನ್ನುವ ಒಂದಿಷ್ಟು ಸದ್ದು. ಸೊಸೆ ಅದನ್ನು ಕಿವಿಗೆ ಹಾಕಿಕೊಂಡು ಕೇಳಿದಳು. ಮತ್ತೆ ಹಿಂದಕ್ಕೆ ಒಯ್ದು ಕೇಳಿದಳು. ಹೆಡ್‌ಫೋನ್ ತೆಗೆದಿಟ್ಟು ಕುಕ್ಕರ್ ಇಡಲು ಹೋದಳು. ನಮ್ಮ ಭಜನೆಯ ವಿಡಿಯೋಕ್ಕೆ ಏನೂ ಆಗಿಲ್ಲ, ಹಾಗೇ ಇದೆ. ಇದುವರೆಗೆ ಯಾರೂ ಅದನ್ನು ತೆರೆದಿಲ್ಲ.

ದೀಪಾವಳಿ ಕಳೆದ ಮೇಲೆ ಇಲ್ಲಿ ಭಾಯಿ ಬೀಜ್ ಎಂದು ಮಾಡುತ್ತಾರೆ. ತಮ್ಮನಾದವನು ಅಕ್ಕನ ಮನೆಗೆ ಊಟಕ್ಕೆ ಬರಬೇಕು. ಇವಳ ಮದುವೆಯಾದಾಗಿನಿಂದ ಅವನು ತಪ್ಪಿಸಿರಲಿಲ್ಲ. ಈ ಸಲ ಇವಳು ಕರೆಯಲಿಲ್ಲ. ಅವನ ಫೋನ್ ಬಂತು, ಮೇಜಿನ ಮೇಲೆ ಅದು ನಡುಗುತ್ತಾ ಸರಿಯಿತು. ಇವಳು ಚಪಾತಿ ಲಟ್ಟಿಸುತ್ತಲೇ ಇದ್ದಳು.

"ಒಂದ ಹೊಟ್ಟ್ಯಾಗ ಹುಟ್ಟಿದವರು ನೀವು," ಎಂದಳು ನನ್ನ ಹೆಂಡತಿ. "ಕೈತಪ್ಪಿ ಆಗೇದ ಅಂವಗ. ಎತ್ತು ಫೋನು."

"ಕೈತಪ್ಪಿ ಆಗಿದ್ರೆ ಕೈತಪ್ಪಿ ಅಂತ ಹೇಳಬೇಕಿತ್ತು, ಮಮ್ಮಿ. ಅವನು ಮಾಡೇ ಇಲ್ಲ ಅಂತಾನೆ. ಅದೇ ನನಗೆ ಸಹನ್ ಆಗಲ್ಲ."

ನಾನು ತಟ್ಟೆಯ ಮುಂದಿನಿಂದ ಎದ್ದೆ. "ಈಗೇನಾತು ನಿಮಗ? ಉಪ್ಪು ಕಮ್ಮಿ ಆತೇನು?" ಎಂದಳು ಹೆಂಡತಿ. ಹೊಟ್ಟೆ ನೋವು ಎಂದೆ.

ಚಳಿಗಾಲದಲ್ಲಿ ಒಂದು ದಿನ, ಕನ್ನಡ ಸಂಘದ ಕೆಲಸ ಇದೆ ಎಂದು ಮನೆಯಲ್ಲಿ ಹೇಳಿ ಸೂರತ್ತಿನ ಕಡೆಯ ರೈಲು ಹತ್ತಿದೆ. ಉಧ್ನಾದಲ್ಲಿ ಇಳಿದೆ. ಅವನ ಶೆಡ್ಡು ನಿಲ್ದಾಣದಿಂದ ದೂರವಿಲ್ಲ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಗುಜರಾತಿಯಲ್ಲಿ ಜೋಡಿಸಿಕೊಂಡಿದ್ದೆ. ಬಾಗಿಲಲ್ಲಿ ನನ್ನನ್ನು ಕಂಡು ಅವನು ಓಡಿ ಬಂದು, ಹತ್ತಿಯ ದೂಳು ಹಿಡಿದ ಕೈಯಲ್ಲೇ ನನ್ನ ಕಾಲು ಮುಟ್ಟಿದ. ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ಹೊರಗೆ ಚಹಾದ ಗಾಡಿಯ ಹತ್ತಿರ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿದ.

"ಬೇನ್ ಹೇಗಿದ್ದಾಳೆ, ಕಾಕಾ?"

"ಚೆನ್ನಾಗಿದ್ದಾಳೆ."

"ಬಾರಿಸ್ತಾಳಾ?"

"ಹೂಂ."

ಅವನು ಗ್ಲಾಸಿನ ಅಂಚನ್ನು ಬೆರಳಿನಿಂದ ಒರೆಸಿ ನನಗೆ ಕೊಟ್ಟ. ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವನೇ ಶುರು ಮಾಡಿದ.

"ಕಾಕಾ, ನೀವು ಬಂದದ್ದು ಒಳ್ಳೇದಾಯ್ತು. ಒಂದು ಮಾತು ಯಾರಿಗಾದರೂ ಹೇಳಬೇಕಾಗಿತ್ತು. ನಾನೇ ಅಳಿಸಿರಬೇಕು."

ನಾನು ಗ್ಲಾಸನ್ನು ಬೆಂಚಿನ ಮೇಲೆ ಇಟ್ಟೆ.

"ಮೊದಲು ಇಲ್ಲ ಇಲ್ಲ ಅಂತಿದ್ದೆ. ಆದರೆ ನೀವು ನೋಡಿದ್ದೀರಿ ಅಂದ ಮೇಲೆ ಮತ್ತೆ ಮತ್ತೆ ಯೋಚಿಸಿದೆ. ನಿಮಗೆ ಸುಳ್ಳು ಹೇಳೋ ಗರಜ್ ಏನು? ಆಟಗಳ ಜೊತೆ ಅದೂ ಹೋಗಿರುತ್ತೆ. ಸಂಜೆ ಬಾರಿಸಿದ್ದು ಅದಕ್ಕೆ ಮುಂಚೆಯೋ ಏನೋ. ಈಗೀಗ ನನಗೆ ಅದು ಕಾಣಿಸುತ್ತೆ, ಕಾಕಾ. ಫೋಲ್ಡರ್ ಮೇಲೆ ನನ್ನ ಕೈ ಹೋಗಿದ್ದು, ಒತ್ತಿದ್ದು, ಎಲ್ಲ ನೆನಪಿಗೆ ಬರುತ್ತೆ. ಅಪ್ಪನನ್ನ ನಾನೇ ಹಿಡಿದಿಟ್ಟೆ, ನಾನೇ ಕಳೆದೆ."

ಅವನಿಗೆ ನೆನಪಿರುವ ಕೈ ನನ್ನದು. ಅಷ್ಟು ಹೇಳುವುದಕ್ಕೆ ನಾನು ವಡೋದರಾದಿಂದ ಬಂದಿದ್ದೆ. ಹೆಚ್ಚು ಮಾತೂ ಬೇಕಿರಲಿಲ್ಲ. ನಾನು ತಲೆಯಾಡಿಸಿದೆ. ಹೂಂ ಎಂದೆ. ಎಲ್ಲದಕ್ಕೂ ಅನ್ನುವ ಅದೇ ಹೂಂ. ಅದನ್ನು ಅವನು ಹೌದು ಎಂದು ತೆಗೆದುಕೊಂಡ. ಕಣ್ಣು ಒರೆಸಿಕೊಂಡು, ಯಾರದೋ ತೀರ್ಪು ಸಿಕ್ಕವನ ಹಾಗೆ ಚಹಾ ಕುಡಿದು ಮುಗಿಸಿದ.

ನಿಲ್ದಾಣದವರೆಗೂ ಬಂದ. ದಾರಿಯ ಅಂಗಡಿಯಲ್ಲಿ ಒಂದು ಡಬ್ಬಿ ಘಾರಿ ಕಟ್ಟಿಸಿ ನನ್ನ ಕೈಗಿಟ್ಟ. ತುಪ್ಪ ಮೆತ್ತಿದ ಆ ಸಿಹಿ ಅಕ್ಕನಿಗೆ ಪ್ರಾಣವಂತೆ. "ನಾನು ಕೊಟ್ಟೆ ಅನ್ನಬೇಡಿ, ಕಾಕಾ. ತಿನ್ನಲ್ಲ. ನೀವೇ ತಂದದ್ದು ಅನ್ನಿ," ಎಂದ. ರೈಲು ಹೊರಟಾಗ ಕಿಟಕಿಯ ಪಕ್ಕ ಸ್ವಲ್ಪ ದೂರ ನಡೆದ.

ಮನೆಯಲ್ಲಿ ಸೊಸೆ ಡಬ್ಬಿ ತೆರೆದು ಒಂದು ಚೂರು ಬಾಯಿಗೆ ಹಾಕಿಕೊಂಡಳು. "ಎಲ್ಲಿಂದ ತಂದ್ರಿ, ಪಪ್ಪಾ?"

"ಸಂಘದವರು ಯಾರೋ ಕೊಟ್ಟರು."

"ನಮ್ಮ ಓಣಿ ಅಂಗಡಿದೇ ರುಚಿ," ಎಂದಳು. ಇನ್ನೊಂದು ಚೂರು ತೆಗೆದುಕೊಳ್ಳದೆ ಡಬ್ಬಿ ಮುಚ್ಚಿದಳು.

ಈಗ ಮತ್ತೆ ನವರಾತ್ರಿ ಹತ್ತಿರ ಬರುತ್ತಿದೆ. ಪ್ಯಾಡು ಊಟದ ಮೇಜಿನ ಮೇಲೆ ಬಂದಿದೆ. ಮೇಲಿನ ಸಾಲುಗಳಲ್ಲಿ ಯಾರದೋ ಢೋಲು. ಕೆಳಗಿನ ಸಾಲನ್ನು ಅವಳು ಖಾಲಿ ಬಿಟ್ಟಿದ್ದಾಳೆ. ಮೊನ್ನೆ ಕಪಾಟಿನಿಂದ ತಬಲಾ ಇಳಿಸಿ, ಲುಂಗಿ ಬಿಚ್ಚಿ, ದೂಳು ಒರೆಸಿ ನನ್ನ ಮುಂದೆ ಇಟ್ಟಳು. "ನಿಮ್ಮದು ಮತ್ತೆ ಮಾಡೋಣ, ಪಪ್ಪಾ. ನೀವು ಇದ್ದೀರಲ್ಲ," ಎಂದಳು. ಬೆರಳು ನೋಯುತ್ತವೆ ಎಂದೆ. ಅದೂ ಸುಳ್ಳಲ್ಲ.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅವಳ ತಮ್ಮನಿಗೆ ಎರಡೂ ಬರುವುದಿಲ್ಲ. ಇದು ನನಗೆ ಬರೆಯುವ ಮುಂಚೆಯೇ ಗೊತ್ತಿತ್ತು, ಹಾಗಾಗಿ ಇದನ್ನೂ ಧೈರ್ಯ ಎಂದು ಯಾರೂ ಎಣಿಸಬಾರದು. ಮಗ ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದುತ್ತಾನೆ. ಎಂದಾದರೂ ಓದಿ ಅವಳಿಗೆ ಹೇಳಿಯಾನು. ಆಗ ಅವಳು ಏನಂದರೂ ಎದುರಿಗೇ ಇರುತ್ತೇನೆ. ದಿನವೂ ಒಂದೇ ಮೇಜಿನಲ್ಲಿ ಉಣ್ಣುವವರು ನಾವು.

ಉಧ್ನಾದವನ ಎದುರಿಗೆ ಮಾತ್ರ ನಾನು ಹೋಗಿ ಬಂದಾಗಿದೆ. ಬೆಂಚಿನ ಮೇಲೆ ಕೂತಾಗಿದೆ, ಅವನು ಕೊಡಿಸಿದ ಚಹಾ ಕುಡಿದಾಗಿದೆ. ನಾನು ಮಾಡಿದ್ದನ್ನು ತಾನು ಮಾಡಿದೆ ಎಂದು ನೆನಪು ಮಾಡಿಕೊಂಡು, ಉಧ್ನಾದ ಆ ಶೆಡ್ಡಿನಲ್ಲಿ ಈ ಹೊತ್ತಿಗೂ ಮಗ್ಗದ ಮುಂದೆ ನಿಂತಿರುತ್ತಾನೆ. ತಪ್ಪಾಯಿತು ಎಂದು ನಾನು ಹೇಳದೆ ಬಿಟ್ಟು ಬಂದದ್ದು ಅವನಿಗೆ, ನನ್ನ ಸೊಸೆಯ ತಮ್ಮನಿಗೆ.